ಹದಿನಾಲ್ಕನೆಯ ಮನೆ

ಫೆಬ್ರವರಿ 3

ಅಪ್ಪನಿಗೆ,

ಭಾನುವಾರ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅಮ್ಮನೇ ಎತ್ತಿ "ಹೊರಗೆ ಹೋಗಿದ್ದಾರೆ ಕಣೇ" ಎಂದಳು. ಅವಳ ಹಿಂದೆಯೇ ನೀನು ಕೆಮ್ಮಿದ್ದು ನನಗೆ ಕೇಳಿಸಿತು. ಇರಲಿ ಬಿಡು. ಎರಡು ವರ್ಷದಿಂದ ನಿನಗೆ ಫೋನ್ ಎಂದರೆ ಆಗುವುದಿಲ್ಲ, ಕಾಗದವೇ ಬೇಕು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು ಮಾತ್ರ ಬೈಯಬೇಡ.

ಸುದ್ದಿ ಹೇಳಿಬಿಡುತ್ತೇನೆ. ನಾನು ಮಾಡಿದ ಒಂದು ಟ್ಯೂನ್ ನಿಮ್ಮ ಕಾರ್ಖಾನೆಗೆ ಬರುತ್ತಿದೆ. ಕ್ರೇನ್ ಮಾಡುವ ಕಂಪನಿಯವರು ನಮ್ಮ ಸ್ಟುಡಿಯೋಗೆ ಬಂದಿದ್ದರು. ಸೈರನ್ ಕೇಳಿ ಕೇಳಿ ಕೆಲಸದವರಿಗೆ ತಲೆನೋವು ಬರುತ್ತಿದೆ, ಅದರ ಬದಲು ಹಿತವಾದದ್ದೊಂದು ಬೇಕು, ಕ್ರೇನ್ ಸರಿಯುವಷ್ಟು ಹೊತ್ತೂ ಅದು ಮೊಳಗುತ್ತಿರಬೇಕು ಎಂದರು. ಯಜಮಾನರು ಆ ಕೆಲಸವನ್ನು ನನಗೆ ಕೊಟ್ಟರು. ಯಾವ ಯಾವ ಕಾರ್ಖಾನೆಗೆ ಹೋಗುತ್ತದೆ ಎಂಬ ಪಟ್ಟಿಯಲ್ಲಿ ತಗಡು ಒತ್ತುವ ನಿಮ್ಮ ಪ್ರೆಸ್ ಶೆಡ್ಡಿನ ಹೆಸರು ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ.

ಕೀಬೋರ್ಡ್ ನುಡಿಸಲು ಬಾರದವಳು ಸಂಗೀತ ಹೇಗೆ ಮಾಡುತ್ತಾಳೆ ಎಂದು ಅಮ್ಮನನ್ನು ಕೇಳಿದೆಯಂತೆ. ನನ್ನ ಸಾಫ್ಟ್‌ವೇರಿನಲ್ಲಿ ಸ್ಟೆಪ್ ಸೀಕ್ವೆನ್ಸರ್ ಎಂಬುದೊಂದಿದೆ. ಪರದೆಯ ಮೇಲೆ ಅಡ್ಡಕ್ಕೆ ಹದಿನಾರು ಮನೆ. ಒಂದು ಬೆಳಕು ಎಡದಿಂದ ಬಲಕ್ಕೆ ಒಂದೊಂದೇ ಮನೆ ದಾಟಿ ಮತ್ತೆ ಮೊದಲಿಗೆ ಬರುತ್ತದೆ. ನಾನು ಒತ್ತಿದ ಮನೆಯಲ್ಲಿ ಸದ್ದು, ಬಿಟ್ಟ ಮನೆಯಲ್ಲಿ ಸುಮ್ಮನೆ. ಎಲ್ಲರೂ ಅದನ್ನು ಡ್ರಮ್ಮಿಗೆ ಬಳಸುತ್ತಾರೆ, ನಾನು ಸ್ವರಕ್ಕೆ ಬಳಸುತ್ತೇನೆ. ಪ್ರತಿ ಮನೆಯ ಕೆಳಗೂ ಒಂದು ಗೆರೆ ಇರುತ್ತದೆ. ಮೇಲಕ್ಕೆ ಎಳೆದರೆ ಸ್ವರ ಏರುತ್ತದೆ, ಕೆಳಕ್ಕೆ ಎಳೆದರೆ ಇಳಿಯುತ್ತದೆ. ಆ ಸ್ವರ ಎಷ್ಟು ಜೋರಾಗಿರಬೇಕು ಎನ್ನುವುದಕ್ಕೆ ಇನ್ನೊಂದು ಗೆರೆ. ಬೆರಳು ಓಡಬೇಕಾಗಿಲ್ಲ, ತಾಳ್ಮೆ ಇದ್ದರೆ ಸಾಕು.

ಪ್ರೆಸ್ಸಿನ ಗದ್ದಲವೆಲ್ಲ ತಗ್ಗು ಸ್ವರದಲ್ಲಿರುತ್ತದೆ. ಅದಕ್ಕೇ ನನ್ನ ಟ್ಯೂನನ್ನು ಬಹಳ ಮೇಲಕ್ಕೆ ಎತ್ತಿ ಇಟ್ಟಿದ್ದೇನೆ, ಗದ್ದಲದ ತಲೆಯ ಮೇಲೆ ನಡೆದುಹೋಗಲಿ ಎಂದು. ಕೇಳಿ ಹೇಗಿದೆ ಬರೆ. ಮುಖಸ್ತುತಿ ಬೇಡ.

ನಿನ್ನ ಮಗಳು

*

ಫೆಬ್ರವರಿ 14

ಮಗಳಿಗೆ ಆಶೀರ್ವಾದ.

ಅಕ್ಷರ ಕೋಳಿ ಕೆದಕಿದ ಹಾಗಿಲ್ಲ. ಕೋಳಿಯನ್ನು ನಾಯಿ ಅಟ್ಟಿಸಿಕೊಂಡು ಹೋದ ಮೇಲೆ ಉಳಿದ ನೆಲದ ಹಾಗಿದೆ.

ಫೋನಿನಲ್ಲಿ ಆಡಿದ ಮಾತು ಗಾಳಿಪಾಲು. ಕಾಗದವಾದರೆ ಎರಡನೆಯ ಸಲ ಓದಬಹುದು, ಬೇಕೆಂದರೆ ಮೂರನೆಯ ಸಲವೂ ಓದಬಹುದು. ಇದರಲ್ಲಿ ತಪ್ಪೇನಿದೆ?

ನಿನ್ನ ಟ್ಯೂನನ್ನು ಸೋಮವಾರ ಹಾಕಿದರು. ಮೇಲೆ ಕ್ರೇನಿನ ಕೋಣೆಯ ಪಕ್ಕದಲ್ಲೇ ಸ್ಪೀಕರ್ ಕೂರಿಸಿದ್ದಾರೆ. "ನನ್ನ ಮಗಳು ಮಾಡಿದ್ದು" ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದೆ, ಕೇಳದವರನ್ನು ನಿಲ್ಲಿಸಿ ಹೇಳಿದೆ. ನನ್ನ ಪಕ್ಕದ ಪ್ರೆಸ್ಸಿನ ಮೀಸೆ ನೆನಪಿದ್ದಾನಲ್ಲ, ನೀನು ಚಿಕ್ಕವಳಿದ್ದಾಗ ಮೀಸೆ ಎಳೆದು ಕಣ್ಣೀರು ತರಿಸಿದ್ದೆ, ಅವನು "ನಿನ್ನ ಮನೇಲಿ ಹಾಡು ಬರೋದು ಬಚ್ಚಲಮನೆಯಿಂದ ಮಾತ್ರ ಅನ್ಕೊಂಡಿದ್ದೆ ಕಣಯ್ಯಾ" ಎಂದ.

ಟ್ಯೂನ್ ಚೆನ್ನಾಗಿದೆ. ಇದು ಮುಖಸ್ತುತಿ ಅಲ್ಲ. ಡಂ ಎಂದು ಒಂದು ಪೆಟ್ಟು, ಉದ್ದವಾದ ಬಿಡುವು, ಮತ್ತೆ ಡಂ. ಅಷ್ಟೇ. ಗಿಲಕಿ ಆಡಿಸಿದ ಹಾಗೆ ಏನೇನೋ ಸೇರಿಸಿಲ್ಲ. ದೊಡ್ಡ ಮನುಷ್ಯರು ಎರಡೇ ಮಾತಾಡಿ ಸುಮ್ಮನಾದ ಹಾಗಿದೆ. ಎಂಟು ಟನ್ನಿನ ಅಚ್ಚನ್ನು ಎತ್ತಿಕೊಂಡು ನಮ್ಮ ತಲೆಯ ಮೇಲೆ ಹೋಗುವ ಯಂತ್ರಕ್ಕೆ ಅಂಥ ಗಾಂಭೀರ್ಯವೇ ಒಪ್ಪುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ

*

ಫೆಬ್ರವರಿ 19

ಅಪ್ಪನಿಗೆ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನೀನು ಹೇಳಿದ್ದು ನಿಜ, ಕಾಗದವಾದರೆ ಮತ್ತೆ ಮತ್ತೆ ಓದಬಹುದು. ಓದಿದಷ್ಟೂ ಏನೋ ತಾಳೆಯಾಗಲಿಲ್ಲ.

ಎರಡೇ ಪೆಟ್ಟು ಎಂದು ಬರೆದಿದ್ದೀಯ. ಅಪ್ಪಾ, ನಾನು ಹನ್ನೊಂದು ಮನೆ ತುಂಬಿದ್ದೇನೆ. ಒಂದನೆಯದು ಮತ್ತು ಒಂಬತ್ತನೆಯದು ಮಾತ್ರ ತಗ್ಗು ಸ್ವರ, ನೀನು ಹೇಳುವ ಡಂ ಎಂದರೆ ಅವೇ. ಉಳಿದ ಒಂಬತ್ತೂ ಎತ್ತರದವು, ಗಂಟೆಯ ದನಿಯವು. ನೀನು ಉದ್ದವಾದ ಬಿಡುವು ಎಂದ ಕಡೆ ಬಿಡುವೇ ಇಲ್ಲ, ಟ್ಯೂನ್ ಇರುವುದೇ ಅಲ್ಲಿ.

ಸ್ಪೀಕರ್ ಕೆಟ್ಟಿರಬಹುದು ಎಂದುಕೊಂಡೆ, ಅದೇ ಆಗಿರಲಿ ಎಂದು ಬೇಡಿಕೊಂಡೆ. ಕಂಪನಿಯವರನ್ನು ಕೇಳಿದರೆ ಎಲ್ಲ ಸರಿಯಾಗಿದೆ, ನಿಮ್ಮ ಮೇಸ್ತ್ರಿ ಕೇಳಿ ಸಹಿಯನ್ನೂ ಹಾಕಿದ್ದಾರೆ ಎಂದರು.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಹದಿನಾರು ಮನೆ ಗೀರಿದ್ದೇನೆ. ಕ್ರೇನ್ ಸರಿಯುವಾಗ ಸ್ವಲ್ಪ ಹೊತ್ತು ನಿಂತು, ಮನಸ್ಸಿನಲ್ಲೇ ಒಂದರಿಂದ ಹದಿನಾರು ಎಣಿಸುತ್ತಾ ಕೇಳು. ಕೇಳಿಸಿದ ಮನೆಗೆ ಪೆನ್ಸಿಲಿನಲ್ಲಿ ಗುರುತು ಹಾಕು. ಯಾರನ್ನೂ ಕೇಳಬೇಡ. ನಿಲ್ಲುವಾಗ ಕ್ರೇನಿನ ಕೆಳಗೆ ನಿಲ್ಲಬೇಡ.

ನಿನ್ನ ಮಗಳು

*

ಫೆಬ್ರವರಿ 27

ಮಗಳಿಗೆ,

ಪರೀಕ್ಷೆ ಬರೆದು ನಲವತ್ತು ವರ್ಷವಾಗಿತ್ತು. ಅಪ್ಪನಿಗೇ ಮೇಷ್ಟರಾಗುವ ಭಾಗ್ಯ ಎಷ್ಟು ಮಕ್ಕಳಿಗೆ ಉಂಟು?

ಹಾಳೆ ಇದರ ಜೊತೆಗಿದೆ. ಎಣಿಸಿಕೋ, ಹನ್ನೊಂದಕ್ಕೆ ಹನ್ನೊಂದೂ ಇವೆ. ಎರಡು ಪೆಟ್ಟು ಎಂದು ಬರೆದದ್ದು ಒಟ್ಟಾರೆ ಹೇಳಿದ ಮಾತು. ನೀನು ಅಷ್ಟಕ್ಕೇ ಗುಡ್ಡ ಕಡಿದು ಇಲಿ ಹಿಡಿಯಲು ಹೊರಟೆ. ಇನ್ನು ಈ ವಿಷಯ ಸಾಕು.

ನಿಮ್ಮಮ್ಮನ ಮಂಡಿನೋವು ಹಾಗೇ ಇದೆ. ಮೆಟ್ಟಿಲು ಹತ್ತಬೇಡ ಎಂದರೆ ದಿನಕ್ಕೆ ಎರಡು ಸಲ ಹೆಚ್ಚಿಗೆ ಹತ್ತುತ್ತಾಳೆ.

ನಿನ್ನ ಅಪ್ಪ

*

ಮಾರ್ಚ್ 5

ಅಪ್ಪನಿಗೆ,

ಹಾಳೆ ನೋಡಿ ಮೊದಲು ಒಬ್ಬಳೇ ನಕ್ಕೆ. ಜೊತೆಯವರಿಗೆಲ್ಲ ಚಹಾ ತರಿಸಿದೆ. ಲೋಟ ಕೈಯಲ್ಲಿ ಹಿಡಿದುಕೊಂಡೇ ಮತ್ತೊಂದು ಸಲ ಹಾಳೆ ನೋಡಿದೆ. ಆಮೇಲೆ ಆ ಚಹಾ ಕುಡಿಯಲಾಗಲಿಲ್ಲ.

ಹದಿನಾಲ್ಕನೆಯ ಮನೆಗೂ ಗುರುತು ಹಾಕಿದ್ದೀಯ.

ಆ ಮನೆಯಲ್ಲಿ ಸ್ವರ ಇದೆ, ಸುಳ್ಳಲ್ಲ. ಆದರೆ ಅದರ ಜೋರಿನ ಗೆರೆಯನ್ನು ನಾನು ಹೆಚ್ಚುಕಡಿಮೆ ತಳಕ್ಕೆ ಇಳಿಸಿದ್ದೇನೆ. ಮುಂದಿನ ಸ್ವರಕ್ಕೆ ಒಂದು ಚೂರು ಮುನ್ಸೂಚನೆ ಇರಲಿ ಎಂಬ ನನ್ನ ಚಪಲ ಅದು. ಇಲ್ಲಿ ಬಾಗಿಲು ಮುಚ್ಚಿ ಹೆಡ್‌ಫೋನ್ ಹಾಕಿಕೊಂಡು ಕೇಳಿದವರಿಗೂ ಅದು ಸಿಕ್ಕಲಿಲ್ಲ, ನಾನು ತೋರಿಸಿಕೊಡಬೇಕಾಯಿತು. ಮೂವತ್ತು ಪ್ರೆಸ್ ಓಡುವ ಶೆಡ್ಡಿನ ನೆಲದ ಮೇಲೆ ನಿಂತವನಿಗೆ, ಅವನು ಇಪ್ಪತ್ತರ ಹುಡುಗನಾದರೂ, ಅದು ಕೇಳುವುದು ಸಾಧ್ಯವಿಲ್ಲ. ಪ್ರಾಮಾಣಿಕವಾಗಿ ಕೇಳಿ ಬರೆದಿದ್ದರೆ ಹತ್ತೇ ಗುರುತು ಬರಬೇಕಿತ್ತು. ಸ್ಪೀಕರಿನ ಮಗ್ಗುಲಲ್ಲಿ ಕೂತವರಿಗೆ ಮಾತ್ರ ಹನ್ನೊಂದೂ ಕೇಳಬಹುದು, ಅಲ್ಲಿ ಕೂರುವುದು ಕ್ರೇನ್ ಓಡಿಸುವವರು.

ಯಾರು ಹೇಳಿಕೊಟ್ಟರು? ನಿಜವಾಗಿ ನಿನಗೆ ಎಷ್ಟು ಕೇಳುತ್ತದೆ?

ನನಗೆ ಹೆದರಿಕೆಯಾಗುತ್ತಿದೆ ಅಪ್ಪಾ. ಬೆಳಿಗ್ಗೆ ಎಂಟಕ್ಕೆ ನಿನ್ನ ಪಾಳಿ ಶುರುವಾಗುತ್ತದೆ ಎಂದು ಗೊತ್ತು. ಎಂಟರಿಂದ ನಾಲ್ಕರವರೆಗೆ ಇಲ್ಲಿ ಕೂತು ನನಗೆ ಒಂದು ಕೆಲಸವೂ ಆಗುತ್ತಿಲ್ಲ. ನಿನ್ನ ತಲೆಯ ಮೇಲೆ ಎಂಟು ಟನ್ ಕಬ್ಬಿಣ ಬರುವಾಗ "ಪಕ್ಕಕ್ಕೆ ಸರಿ" ಎಂದು ಕೂಗಬೇಕಾದದ್ದು ನನ್ನ ಟ್ಯೂನ್. ಅದು ನಿನಗೆ ಕೇಳದ ಹಾಗೆ ಮಾಡಿಟ್ಟವಳು ನಾನೇ. ನಿಜ ಬರೆ, ಇಲ್ಲದಿದ್ದರೆ ಕಂಪನಿಗೆ ಹೇಳುತ್ತೇನೆ.

ನಿನ್ನ ಮಗಳು

*

ಮಾರ್ಚ್ 11

ಮಗಳಿಗೆ,

ಸಿಕ್ಕಿಬಿದ್ದೆ. ಕ್ರೇನ್ ಓಡಿಸುವವಳು ಊಟದ ಹೊತ್ತಿನಲ್ಲಿ ಚಮಚದಿಂದ ತಟ್ಟೆಯ ಅಂಚಿಗೆ ಬಡಿದು ಹೇಳಿಕೊಟ್ಟಳು. "ಇದೆಲ್ಲ ನಿಮಗ್ಯಾಕೆ?" ಎಂದಳು. ಮಗಳು ಸಂಗೀತ ಕಲಿಸುತ್ತಿದ್ದಾಳೆ ಎಂದೆ. ಪಾಪ, ಆ ಸಣ್ಣ ಸ್ವರವನ್ನೂ ಬಿಡದೆ ಹೇಳಿಕೊಟ್ಟಿದ್ದಾಳೆ. ಒಳ್ಳೆಯ ಹೆಂಗಸು.

ಮೂವತ್ತೊಂದು ವರ್ಷ ಅದೇ ಪ್ರೆಸ್ಸಿನ ಪಕ್ಕ ನಿಂತಿದ್ದೇನೆ. ಮೊದಲು ಹಕ್ಕಿಗಳ ಸದ್ದು ಹೋಯಿತು, ಅದು ನನಗೆ ಗೊತ್ತೇ ಆಗಲಿಲ್ಲ. ಆಮೇಲೆ ಬಾಗಿಲ ಗಂಟೆ. ಆಮೇಲೆ ಫೋನು. ಫೋನಿನಲ್ಲಿ ನಿನ್ನ ದನಿ ಬರುತ್ತದೆ, ಮಾತು ಬರುವುದಿಲ್ಲ. ನೀನು ಏನೋ ಹೇಳಿ ನಿಲ್ಲಿಸಿದಾಗ, ಏನು ಕೇಳಿದೆ ಎಂದು ತಿಳಿಯದೆ ನಕ್ಕುಬಿಡುತ್ತಿದ್ದೆ. ನಗು ಎಲ್ಲಕ್ಕೂ ಸಲ್ಲುತ್ತದೆ ಎಂದುಕೊಂಡಿದ್ದೆ. ಒಂದು ದಿನ ಹಾಗೆ ನಕ್ಕು ಫೋನ್ ಕೊಟ್ಟೆ. ನಿಮ್ಮಮ್ಮ ಮಾತಾಡಿ ಇಟ್ಟವಳು "ಅವಳು ಅಳ್ತಾ ಹೇಳಿದ್ರೆ ನಗ್ತೀರಲ್ರೀ" ಎಂದಳು. ಆಮೇಲೆ ನಾನು ಫೋನ್ ಮುಟ್ಟಲಿಲ್ಲ.

ಹಳೆಯ ಸೈರನ್ ಇದ್ದಾಗ ಚಿಂತೆ ಇರಲಿಲ್ಲ. ಅದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ಈಗ ನಿನ್ನ ಎರಡು ಪೆಟ್ಟೂ ಪ್ರೆಸ್ ನಿಂತಾಗ ಮಾತ್ರ ಕೇಳುತ್ತವೆ. ಹಾಗೆಂದು ನಾನು ಕುರುಡನಲ್ಲ. ಶೆಡ್ಡಿನ ಮಾಡಿಗೆ ಗಾಜಿದೆ, ಬಿಸಿಲು ಬೀಳುತ್ತದೆ, ಅಚ್ಚಿಗಿಂತ ಮುಂಚೆ ಅದರ ನೆರಳು ನೆಲದ ಮೇಲೆ ಬರುತ್ತದೆ. ನೆರಳು ಕಂಡರೆ ಸರಿಯುತ್ತೇನೆ. ಮೀಸೆಯೂ ಹಾಗೇ ಮಾಡುತ್ತಾನೆ. ನಮ್ಮ ಸಾಲಿನಲ್ಲಿ ಐದಾರು ಜನ ಹಾಗೇ ಇದ್ದೇವೆ. ಒಬ್ಬರಿಗೊಬ್ಬರು ಬಾಯಿ ಬಿಟ್ಟು ಹೇಳಿಕೊಂಡಿಲ್ಲ.

ನೀನು ಕಂಪನಿಗೆ ಹೇಳಕೂಡದು. ಹೋದ ವರ್ಷ ಒಬ್ಬನನ್ನು ಕಿವಿ ಪರೀಕ್ಷೆಗೆ ಕಳಿಸಿದರು. ಮಾರನೆಯ ವಾರ ಅವನ ಪ್ರೆಸ್ಸಿನ ಮುಂದೆ ಬೇರೆಯವನು ನಿಂತಿದ್ದ. ನನಗಿರುವುದು ಇನ್ನು ಒಂದೂವರೆ ವರ್ಷ. ಅಷ್ಟನ್ನು ತಲೆ ಎತ್ತಿ ಮುಗಿಸಿ ಬರುತ್ತೇನೆ. ನನ್ನೊಬ್ಬನ ಮಾತಾದರೆ ಬೇರೆ, ನಿನ್ನ ಒಂದು ಮಾತಿಗೆ ಆರು ಮನೆಯ ಒಲೆ ಆರುತ್ತದೆ. ನೀನು ಬಾಯಿ ಬಿಟ್ಟರೆ ಇನ್ನು ನನ್ನ ಕೈಯಿಂದ ಕಾಗದ ಬರುವುದಿಲ್ಲ. ಇದು ತಮಾಷೆಯಲ್ಲ.

ನಿನ್ನ ಅಪ್ಪ

*

ಮಾರ್ಚ್ 16

ಮಗಳೇ,

ನಾನು ಕಾಗದ ಬರೆಯುವವಳಲ್ಲ, ನಿನಗೆ ಗೊತ್ತು. ಫೋನ್ ಮಾಡೋಣವೆಂದರೆ ನನಗೆ ಅಳು ಬರುತ್ತದೆ, ಮಾತು ಮುಗಿಯುವುದಿಲ್ಲ. ನಿಮ್ಮಪ್ಪನಿಗೆ ತಿಳಿಯದ ಹಾಗೆ ಬರೆಯುತ್ತಿದ್ದೇನೆ.

ಬುಧವಾರ ಇಲ್ಲಿ ದಿನವಿಡೀ ಮೋಡ. ಸಂಜೆ ಬಂದವರು ಅಂಗಿ ಬಿಚ್ಚಲೇ ಇಲ್ಲ, ಅಂಗಿಯಲ್ಲೇ ಊಟಕ್ಕೆ ಕೂತರು. ಎಡಗೈ ತಟ್ಟೆಯ ಪಕ್ಕ ಸುಮ್ಮನೆ ಬಿದ್ದಿತ್ತು. ಕೇಳಿದರೆ ಬಸ್ಸಿನ ಬಾಗಿಲು ತಾಗಿತು ಎಂದರು. ಮಲಗುವಾಗ ನೋಡಿದೆ. ಭುಜದಿಂದ ಬೆನ್ನಿನವರೆಗೆ ಒಂದು ಅಂಗೈ ಅಗಲ ಚರ್ಮ ಕಿತ್ತು ಬಂದಿದೆ, ಸುತ್ತ ಕಪ್ಪಗಾಗಿದೆ. ಯಾವ ಬಸ್ಸಿನ ಬಾಗಿಲು ಹಾಗೆ ಮಾಡುತ್ತದೆ?

ಮಾರನೆಯ ದಿನ ಮೀಸೆಯವರು ಬಂದರು. ಅವರೂ ಈಗ ಕಿರುಚಿಯೇ ಮಾತಾಡುತ್ತಾರೆ. "ಅಕ್ಕಾ, ಮೋಡ ಇತ್ತು, ನೆರಳೇ ಬೀಳ್ಲಿಲ್ಲ. ಅಚ್ಚು ಬೆನ್ನ ಹಿಂದೇನೇ ಬಂದಿದೆ, ಇವನಿಗೆ ಗೊತ್ತಿಲ್ಲ. ಕೈಯಿಂದ ಏನೋ ಬಿತ್ತು ಅಂತ ಬಗ್ಗಿದ, ಅದಕ್ಕೆ ಭುಜಕ್ಕೆ ಸವರಿಕೊಂಡು ಹೋಯ್ತು. ನೆಟ್ಟಗೆ ನಿಂತಿದ್ದಿದ್ರೆ ತಲೆಗೇ" ಎಂದು ಅಷ್ಟಕ್ಕೆ ನಿಲ್ಲಿಸಿದರು.

ನಾಲ್ಕು ವರ್ಷದಿಂದ ಇವರ ಜೊತೆ ಜಗಳವಾಡಿದ್ದೇನೆ. ಕರೆದರೆ ತಿರುಗುವುದಿಲ್ಲ, ಹೇಳಿದ್ದು ಕಿವಿಗೆ ಹಾಕಿಕೊಳ್ಳುವುದಿಲ್ಲ. ನಿಮಗೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ನೆಂಟರ ಮುಂದೆಯೂ ಅಂದಿದ್ದೇನೆ. ಅವರು ಸುಮ್ಮನೆ ಅನ್ನಿಸಿಕೊಂಡರು. ಕೇಳುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ನಾನೇನು ಬಿಟ್ಟು ಹೋಗುತ್ತಿದ್ದೆನೇ? ಈಗ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಇವತ್ತೂ ಕೆಲಸಕ್ಕೆ ಹೋಗಿದ್ದಾರೆ. ನಾನು ಬೆಳಿಗ್ಗೆ ಎದ್ದ ಕೂಡಲೇ ಆಕಾಶ ನೋಡುತ್ತೇನೆ. ನೀನು ಅವರಿಗೆ ಬರೆದ ಕಾಗದ ತೆಗೆದು ಓದಿದೆ, ಕಂಪನಿಗೆ ಹೇಳಿಬಿಡು. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ, ಕೋಪ ಮಾಡಿಕೊಳ್ಳಲು ಅವರು ಇರಲಿ.

ಅಮ್ಮ

*

ಮಾರ್ಚ್ 20

ಅಪ್ಪನಿಗೆ,

ಹೇಳಿಬಿಟ್ಟೆ.

ಮೊದಲು ನಿನ್ನ ಮಾತು ಉಳಿಸಿಕೊಂಡೇ ದಾಟಲು ನೋಡಿದೆ. ಎಲ್ಲ ಮನೆಯ ಸ್ವರಗಳನ್ನೂ ಕೆಳಕ್ಕೆ ಎಳೆದು, ಜೋರು ಹೆಚ್ಚಿಸಿ, ಹದಿನಾಲ್ಕನೆಯದನ್ನು ಅಳಿಸಿ, ಇದು ಇನ್ನೂ ಚೆನ್ನಾಗಿದೆ ಎಂದು ಕಂಪನಿಗೆ ಕಳಿಸಿದೆ. ಈಗಾಗಲೇ ಒಪ್ಪಿಗೆಯಾಗಿದೆ, ನಲವತ್ತು ಕಡೆ ಹಾಕಿದ್ದೇವೆ, ಚೆನ್ನಾಗಿದೆ ಎಂಬ ಕಾರಣಕ್ಕೆಲ್ಲ ಬದಲಿಸುವುದಿಲ್ಲ ಎಂದು ಉತ್ತರ ಬಂತು. ಕೆಲಸದವರಿಗೆ ಕೇಳುತ್ತಿಲ್ಲ ಎಂದೆ. ಯಾವ ಕೆಲಸದವರಿಗೆ ಎಂದರು. ಹಳಬರಿಗೆ ಎಂದೆ. ನಿಮಗೆ ಹೇಗೆ ಗೊತ್ತು, ಒಂದು ಹೆಸರು ಹೇಳಿ ಎಂದರು. ಯಜಮಾನರು ಪಕ್ಕದಲ್ಲೇ ಕೂತಿದ್ದರು. ನಿನ್ನ ಹೆಸರು ಹೇಳಿದೆ. ಬೇರೆ ಯಾರ ಹೆಸರನ್ನೂ ಹೇಳಲಿಲ್ಲ.

ಭುಜದ ವಿಷಯ ನನಗೆ ಗೊತ್ತು. ಅಮ್ಮನನ್ನು ಬೈಯಬೇಡ.

ತಪ್ಪು ನನ್ನದು. ಟ್ಯೂನನ್ನು ಇಲ್ಲಿ ನಾಲ್ಕು ಜನರಿಗೆ ಕೇಳಿಸಿದ್ದೆ, ನಾಲ್ವರೂ ಮೂವತ್ತು ದಾಟದವರು. ಗದ್ದಲದಲ್ಲಿ ಮೂವತ್ತು ವರ್ಷ ನಿಂತ ಕಿವಿಗೆ ಮೊದಲು ಹೋಗುವುದೇ ಎತ್ತರದ ಸ್ವರ ಎಂದು ಓದಿ ತಿಳಿದುಕೊಳ್ಳಲು ಒಂದು ಸಂಜೆ ಸಾಕಿತ್ತು. ಆ ಒಂದು ಸಂಜೆ ಕೂರಲಿಲ್ಲ. ಪರದೆಯ ಮೇಲೆ ಮನೆಗಳು ಅಂದವಾಗಿ ಕಂಡವು, ಸರಿ ಎಂದುಕೊಂಡೆ.

ಫೋನಿನಲ್ಲಿ ಅತ್ತ ದಿನದ್ದು ದೊಡ್ಡ ವಿಷಯವೇನಲ್ಲ. ನೀನು ನಕ್ಕಿದ್ದಕ್ಕೆ, ಅಷ್ಟೇನೂ ಮುಳುಗಿಹೋಗಿಲ್ಲ ಎಂದು ನನಗೂ ಅನ್ನಿಸಿತ್ತು.

ನಿನ್ನನ್ನು ಕಿವಿ ಪರೀಕ್ಷೆಗೆ ಕಳಿಸುತ್ತಾರಂತೆ. ಯಾವತ್ತು, ಏನಾಯಿತು, ಬರೆ. ಬೈದಾದರೂ ಬರೆ.

ನಿನ್ನ ಮಗಳು

*

ಏಪ್ರಿಲ್ 9

ಅಪ್ಪನಿಗೆ,

ಇದು ಮೂರನೆಯ ಕಾಗದ. ಹಿಂದಿನ ಎರಡಕ್ಕೂ ಉತ್ತರ ಬಂದಿಲ್ಲ. ಫೋನ್ ಮಾಡಿದರೆ ಅಮ್ಮ "ಊಟ ಮಾಡ್ತಾರೆ, ಮಲಗ್ತಾರೆ, ಅಷ್ಟೇ" ಎನ್ನುತ್ತಾಳೆ. ಪರೀಕ್ಷೆಯ ಮಾತೆತ್ತಿದರೆ ಅವಳಿಗೂ ಹೇಳುವುದಿಲ್ಲವಂತೆ. ಕಂಪನಿಯವರು ವಿಚಾರಣೆ ನಡೆಯುತ್ತಿದೆ ಎನ್ನುತ್ತಾರೆ. ಮುಗಿಯುವ ತನಕ ಕ್ರೇನ್ ನಿಲ್ಲಿಸಿ ಎಂದರೆ ಮಾತು ಬದಲಿಸುತ್ತಾರೆ.

ನಾನು ಇಲ್ಲಿ ನಿಮ್ಮೂರಿನ ಹವಾಮಾನ ನೋಡಿಕೊಂಡು ಕೂತಿರುತ್ತೇನೆ. ಮೋಡ ಎಂದು ಬಂದ ದಿನ ಫೋನ್ ಸದ್ದಾದರೆ ಎತ್ತಲು ಕೈ ಬರುವುದಿಲ್ಲ. ನೀನು ನನ್ನೊಡನೆ ಮಾತಾಡದಿದ್ದರೂ ಸರಿ, ಪಾಳಿ ಮುಗಿಸಿ ಮನೆಗೆ ಬಂದೆ ಎಂದು ಒಂದು ಸಾಲು ಬರೆದು ಹಾಕು.

ನಿನ್ನ ಮಗಳು

*

ಮೇ 4

ಮಗಳಿಗೆ,

ಕಾಗದ ಬರೆಯುವುದಿಲ್ಲ ಎಂದಿದ್ದೆ. ಏಳು ವಾರ ಮಾತು ಉಳಿಸಿಕೊಂಡೆ, ಸಾಕು.

ನಿನ್ನ ಮೇಲೆ ಕೋಪ ಬಂದದ್ದು ಸುಳ್ಳಲ್ಲ. ಮೇಸ್ತ್ರಿ ಕರೆದು ನನ್ನ ಹೆಸರಿದ್ದ ಕಾಗದ ತೋರಿಸಿದರು. ಹೊರಗೆ ಬಂದರೆ ಮೀಸೆ ನಿಂತಿದ್ದ. ವಿಷಯ ಹೇಳಿದೆ, ಅವನ ಕಿವಿಯ ಹತ್ತಿರ ಕಿರುಚಿಯೇ ಹೇಳಬೇಕಾಯಿತು. ಅವನು ನೇರವಾಗಿ ಒಳಗೆ ಹೋಗಿ "ನನ್ನ ಹೆಸರೂ ಬರಕೊಳ್ಳಿ" ಎಂದ. ಅವನ ಹಿಂದೆ ಇನ್ನೊಬ್ಬ ಹೋದ. ಊಟದ ಹೊತ್ತಿಗೆ ಬಾಗಿಲ ಮುಂದೆ ಸಾಲು ನಿಂತಿತ್ತು. ನಾನು ಐದಾರು ಜನ ಎಂದುಕೊಂಡಿದ್ದೆ, ಹತ್ತೊಂಬತ್ತು ಜನ ಇದ್ದರು. ನನಗಿಂತ ಹತ್ತು ವರ್ಷ ಚಿಕ್ಕವನೊಬ್ಬ, ನಾನು ಬಹಳ ಚುರುಕು ಎಂದು ನಂಬಿದ್ದವನು, ಅವನೂ ನೆರಳು ನೋಡಿಯೇ ಬದುಕಿದ್ದನಂತೆ. ಅವನು ಅತ್ತುಬಿಟ್ಟ.

ಹತ್ತೊಂಬತ್ತು ಜನರನ್ನು ಒಟ್ಟಿಗೆ ಮನೆಗೆ ಕಳಿಸಿದರೆ ಪ್ರೆಸ್ ನಡೆಸುವವರು ಯಾರು? ಹಾಗಾಗಿ ಯಾರನ್ನೂ ತೆಗೆಯಲಿಲ್ಲ. ಏಪ್ರಿಲ್ ಕೊನೆಯಲ್ಲಿ ನಿನ್ನ ಟ್ಯೂನ್ ನಿಲ್ಲಿಸಿ ಹಳೆಯ ಸೈರನ್ ಹಾಕಿದರು, ಕ್ರೇನಿಗೆ ಕೆಂಪು ದೀಪ ಕಟ್ಟಿದರು. ಅಲ್ಲಿಯ ತನಕ ನಾವು ಇಬ್ಬಿಬ್ಬರಾಗಿ ನಡೆದೆವು, ಒಬ್ಬ ಮುಂದೆ ನೋಡಿದರೆ ಇನ್ನೊಬ್ಬ ಹಿಂದೆ. ನನ್ನನ್ನು ಮಾತ್ರ ಪ್ರೆಸ್ಸಿನಿಂದ ಬಿಡಿಸಿ ಉಗ್ರಾಣಕ್ಕೆ ಹಾಕಿದ್ದಾರೆ. ಅಲ್ಲಿ ತಲೆಯ ಮೇಲೆ ಸೂರು ಬಿಟ್ಟರೆ ಏನೂ ಇಲ್ಲ. ನಿಮ್ಮಮ್ಮ ಈಗ ಆಕಾಶ ನೋಡುವುದಿಲ್ಲ. ಕೋಪ ಇಳಿದಿದೆ. ಇದನ್ನು ನಿನಗೆ ಮೊದಲೇ ತಿಳಿಸಬಹುದಿತ್ತು, ತಿಳಿಸದೆ ಹೆದರಿಸಿದೆ. ತಪ್ಪಾಯಿತು.

ಪರೀಕ್ಷೆ ಏನಾಯಿತು ಎಂದು ಕೇಳಿದ್ದೆಯಲ್ಲ. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ.

ಒಂದು ಸಣ್ಣ ಕೋಣೆ, ಬಟ್ಟೆ ಹೊದಿಸಿದ ಗೋಡೆ. ಗಾಜಿನ ಆಚೆ ಒಬ್ಬಳು ನರ್ಸ್. ನನ್ನ ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಕೈ ಎತ್ತಿ ಎಂದು ಒಂದು ಹಲಗೆಯಲ್ಲಿ ಬರೆದು ತೋರಿಸಿದಳು. ಮೊದಲು ಒಂದು ದಪ್ಪ ದನಿ ಬಂತು, ಎತ್ತಿದೆ. ಇನ್ನೊಂದು ಬಂತು, ಎತ್ತಿದೆ. ಮತ್ತೆರಡು ಬಂದವು. ಪರವಾಗಿಲ್ಲ, ಎಲ್ಲ ಕೇಳುತ್ತಿದೆಯಲ್ಲ ಎಂದು ಧೈರ್ಯ ಬಂತು. ಆಮೇಲೆ ಅವಳು ಯಂತ್ರದಲ್ಲಿ ಏನೋ ಸರಿಮಾಡಲು ಶುರುಮಾಡಿದಳು. ಒತ್ತುವುದು, ನನ್ನ ಕಡೆ ನೋಡುವುದು, ಬರೆದುಕೊಳ್ಳುವುದು, ಮತ್ತೆ ಒತ್ತುವುದು. ಕೆಟ್ಟಿದೆಯೇನೋ, ಪಾಪ, ಅವಸರ ಬೇಡ ಎಂದು ನಾನು ಸುಮ್ಮನೆ ಕೂತೆ. ಬಲಗೈಯನ್ನು ಮಂಡಿಯ ಮೇಲೆ ಸಿದ್ಧವಾಗಿಯೇ ಇಟ್ಟುಕೊಂಡಿದ್ದೆ, ಒಂದೂ ತಪ್ಪಿಹೋಗಬಾರದು ಎಂದು. ಬಹಳ ಹೊತ್ತಾಯಿತು. ಕೊನೆಗೆ ಅವಳು ಬಾಗಿಲು ತೆಗೆದು ಒಳಗೆ ಬಂದಳು. "ಯಂತ್ರ ಸರಿಯಾಯ್ತಾ? ಉಳಿದದ್ದು ಶುರು ಮಾಡಿ, ನಾನು ತಯಾರಿದ್ದೀನಿ" ಎಂದೆ.

ಅವಳು ಹಲಗೆ ತೆಗೆದುಕೊಂಡು, ಮುಗಿಯಿತು ಎಂದು ಬರೆದು ತೋರಿಸಿದಳು.

ನಿನ್ನ ಅಪ್ಪ